ಸಿಹಿನೀರಿನ ಮೀನುಗಳ ರೋಗನಿರೋಧಕ ಶಕ್ತಿಯ ಮೇಲೆ ಭಾರಲೋಹಗಳ ಪರಿಣಾಮ

ನದಿ, ಕೆರೆ ಮತ್ತು ಜಲಾಶಯಗಳನ್ನು ಸೇರುವ ಭಾರಲೋಹಗಳು ಅಲ್ಲಿನ ಮೀನುಗಳ ರೋಗನಿರೋಧಕ ವ್ಯವಸ್ಥೆಯನ್ನು ದುರ್ಬಲಗೊಳಿಸುತ್ತವೆ. ಕ್ಯಾಡ್ಮಿಯಂ, ಪಾದರಸ, ಸೀಸ, ಕ್ರೋಮಿಯಂ, ತಾಮ್ರ ಮತ್ತು ಸತು ಇವುಗಳಲ್ಲಿ ಮುಖ್ಯವಾದವು. ಆರ್ಸೆನಿಕ್ ಅನ್ನೂ ಸಾಮಾನ್ಯವಾಗಿ ಇವುಗಳೊಂದಿಗೇ ಪರಿಗಣಿಸಲಾಗುತ್ತದೆ. ಮೀನನ್ನು ನೇರವಾಗಿ ಕೊಲ್ಲಲು ಸಾಲದಷ್ಟು ಕಡಿಮೆ ಪ್ರಮಾಣದಲ್ಲಿಯೂ ಈ ಪರಿಣಾಮ ಉಂಟಾಗಬಹುದು. ಹೀಗೆ ಬಲಗುಂದಿದ ಮೀನು ಕೊನೆಗೆ ಯಾವುದಾದರೂ ಸೋಂಕಿನಿಂದ ಸಾಯುವುದರಿಂದ, ಸಾವಿನ ಕಾರಣವಾಗಿ ಲೋಹದ ಹೆಸರು ದಾಖಲಾಗುವುದು ಅಪರೂಪ.

ರೋಗನಿರೋಧಕ ಅಂಗಗಳು

ಸಸ್ತನಿಗಳಲ್ಲಿರುವಂತೆ ರಕ್ತಕಣಗಳನ್ನು ಉತ್ಪಾದಿಸುವ ಅಸ್ಥಿಮಜ್ಜೆಯಾಗಲಿ, ದುಗ್ಧಗ್ರಂಥಿಗಳಾಗಲಿ ಮೀನುಗಳಲ್ಲಿ ಇಲ್ಲ. ರಕ್ತಕಣಗಳು ಮುಖ್ಯವಾಗಿ ಮೂತ್ರಪಿಂಡದ ಮುಂಭಾಗದಲ್ಲಿ ಹುಟ್ಟುತ್ತವೆ. ಥೈಮಸ್ ಮತ್ತು ಗುಲ್ಮ ಉಳಿದ ಪ್ರಮುಖ ಅಂಗಗಳು. ಕಿವಿರು, ಚರ್ಮ ಮತ್ತು ಕರುಳನ್ನು ಆವರಿಸಿರುವ ಲೋಳೆಯು ಮೊದಲ ರಕ್ಷಣಾ ಪದರವಾಗಿದ್ದು, ಅದರಲ್ಲಿ ಲೈಸೋಜೈಮ್ ಕಿಣ್ವ ಹಾಗೂ ಪ್ರತಿಕಾಯಗಳಿರುತ್ತವೆ.

ಕ್ಯಾಡ್ಮಿಯಂನಂತಹ ಲೋಹಗಳು ಹೆಚ್ಚಾಗಿ ಸಂಗ್ರಹಗೊಳ್ಳುವುದು ಮೂತ್ರಪಿಂಡ, ಯಕೃತ್ತು ಮತ್ತು ಕಿವಿರುಗಳಲ್ಲಿ. ಅಂದರೆ ರಕ್ಷಣಾ ಕೋಶಗಳು ತಯಾರಾಗುವ ಅಂಗದಲ್ಲಿಯೇ ವಿಷವೂ ಸೇರುತ್ತದೆ.

ಪರಿಣಾಮದ ಬಗೆ

ನೀರಿನಲ್ಲಿ ಕರಗಿದ ಲೋಹದ ಅಯಾನುಗಳು ಕಿವಿರಿನ ಮೂಲಕ ದೇಹವನ್ನು ಪ್ರವೇಶಿಸುತ್ತವೆ. ಕ್ಯಾಡ್ಮಿಯಂ ಕ್ಯಾಲ್ಸಿಯಂ ಸಾಗುವ ಮಾರ್ಗವನ್ನೂ, ತಾಮ್ರವು ಭಾಗಶಃ ಸೋಡಿಯಂ ಸಾಗುವ ಮಾರ್ಗವನ್ನೂ ಬಳಸಿಕೊಳ್ಳುತ್ತದೆ. ಪಾದರಸದ ವಿಷಯ ಬೇರೆ: ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಪರಿವರ್ತಿಸುತ್ತವೆ; ಅದು ಮುಖ್ಯವಾಗಿ ಆಹಾರದ ಮೂಲಕ ಮೀನನ್ನು ತಲುಪುತ್ತದೆ.

ದೇಹದೊಳಗೆ ಮೆಟಾಲೊಥಯೋನೀನ್ ಎಂಬ ಪ್ರೋಟೀನು ಲೋಹವನ್ನು ಹಿಡಿದಿಟ್ಟು ನಿರುಪದ್ರವಗೊಳಿಸಲು ಯತ್ನಿಸುತ್ತದೆ. ಅದರ ಸಾಮರ್ಥ್ಯ ಮೀರಿದಾಗ ಆಮ್ಲಜನಕದ ಕ್ರಿಯಾಶೀಲ ರೂಪಗಳು ಹೆಚ್ಚಿ ಬಿಳಿ ರಕ್ತಕಣಗಳಿಗೆ ಹಾನಿಯಾಗುತ್ತದೆ; ರೋಗಾಣುಗಳನ್ನು ನುಂಗಿ ಕೊಲ್ಲುವ ಭಕ್ಷಕ ಕೋಶಗಳ ಕಾರ್ಯ ಕುಂದುತ್ತದೆ, ಪ್ರತಿಕಾಯಗಳ ಉತ್ಪಾದನೆಯೂ ತಗ್ಗಬಹುದು. ಇದಲ್ಲದೆ ಪರೋಕ್ಷ ಮಾರ್ಗವೊಂದಿದೆ. ಲೋಹದ ಒತ್ತಡಕ್ಕೆ ಸಿಲುಕಿದ ಮೀನಿನಲ್ಲಿ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ, ಇದು ಲಿಂಫೋಸೈಟ್‌ಗಳ ಸಂಖ್ಯೆಯನ್ನು ಇಳಿಸುತ್ತದೆ. ಕಾರ್ಟಿಸಾಲ್ ಸ್ರವಿಸುವ ಕೋಶಗಳಿರುವುದೂ ಮೂತ್ರಪಿಂಡದ ಅದೇ ಮುಂಭಾಗದಲ್ಲಿ.

ಆದರೆ ಎಲ್ಲ ಪ್ರಯೋಗಗಳೂ ಒಂದೇ ದಿಕ್ಕನ್ನು ತೋರಿಸುವುದಿಲ್ಲ. ತಾಮ್ರ ಮತ್ತು ಸತು ಮೀನಿಗೆ ಅಲ್ಪ ಪ್ರಮಾಣದಲ್ಲಿ ಅಗತ್ಯವಾದ ಪೋಷಕಗಳು. ಕಡಿಮೆ ಅವಧಿಯ, ಕಡಿಮೆ ಪ್ರಮಾಣದ ಸಂಪರ್ಕದಲ್ಲಿ ಕೆಲವು ರಕ್ಷಣಾ ಕ್ರಿಯೆಗಳು ತಾತ್ಕಾಲಿಕವಾಗಿ ಹೆಚ್ಚುವುದೂ ಕಂಡುಬಂದಿದೆ.

ತಾಮ್ರದ ಉದಾಹರಣೆ

ಈ ಕ್ಷೇತ್ರದ ಸ್ಪಷ್ಟ ಸಾಕ್ಷ್ಯಗಳಲ್ಲಿ ಕೆಲವು ತಾಮ್ರಕ್ಕೆ ಸಂಬಂಧಿಸಿದವು. 1970ರ ದಶಕದ ಕೊನೆ ಮತ್ತು 1980ರ ದಶಕದ ಆರಂಭದ ಪ್ರಯೋಗಗಳಲ್ಲಿ, ಮೊದಲೇ ತಾಮ್ರಕ್ಕೆ ಒಡ್ಡಿದ ರೇನ್‌ಬೋ ಟ್ರೌಟ್ ಮೀನುಗಳು ಯೆರ್ಸಿನಿಯಾ ರುಕೆರಿ ಬ್ಯಾಕ್ಟೀರಿಯಾಕ್ಕೂ, ರಕ್ತೋತ್ಪಾದಕ ಅಂಗಾಂಶವನ್ನು ನಾಶಮಾಡುವ ಐ.ಎಚ್.ಎನ್. ವೈರಸ್ಸಿಗೂ ಹೆಚ್ಚು ಸುಲಭವಾಗಿ ಬಲಿಯಾದವು.

ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 2 ಮಿಲಿಗ್ರಾಂ. ಮೆದು ನೀರಿನಲ್ಲಿ ಇದಕ್ಕಿಂತ ಬಹಳ ಕಡಿಮೆ, ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂಗಳಷ್ಟು ತಾಮ್ರವೇ ಟ್ರೌಟ್ ಮರಿಗಳಿಗೆ ಮಾರಕವಾಗಬಲ್ಲದು. ಆದ್ದರಿಂದ ಮನುಷ್ಯರಿಗೆ ಸುರಕ್ಷಿತವಾದ ನೀರು ಮೀನಿಗೂ ಸುರಕ್ಷಿತವೆಂದು ಭಾವಿಸುವಂತಿಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅಯಾನುಗಳು ಕಿವಿರಿನಲ್ಲಿ ಲೋಹದೊಡನೆ ಸ್ಪರ್ಧಿಸುವುದರಿಂದ ವಿಷದ ತೀವ್ರತೆ ತಗ್ಗುತ್ತದೆ. ಮೀನು ಸಾಕಣೆಯಲ್ಲಿ ಪರಾವಲಂಬಿಗಳ ನಿವಾರಣೆಗೆ ಮೈಲುತುತ್ತ ಬಳಸುವಾಗ ನೀರಿನ ಕ್ಷಾರೀಯತೆಯನ್ನು ಮೊದಲು ಅಳೆಯಲಾಗುತ್ತದೆ. ಕ್ಷಾರೀಯತೆ ಕಡಿಮೆಯಿರುವ ನೀರಿನಲ್ಲಿ ಅದೇ ಔಷಧ ವಿಷವಾಗುತ್ತದೆ.

ಗುರುತಿಸುವಿಕೆ

ಕೆರೆಗಳಲ್ಲಿ ಮೀನುಗಳು ಸಾಮೂಹಿಕವಾಗಿ ಸತ್ತು ತೇಲಿದಾಗ ಭಾರಲೋಹಗಳನ್ನು ದೂಷಿಸುವುದುಂಟು. ಅಂತಹ ಸಾವಿಗೆ ಸಾಮಾನ್ಯವಾಗಿ ಕಾರಣವಾಗುವುದು ಕರಗಿದ ಆಮ್ಲಜನಕದ ಕುಸಿತ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಘಟನೆಗೂ ಇದನ್ನೇ ಮುಖ್ಯ ಕಾರಣವಾಗಿ ಹೇಳಲಾಯಿತು. ವೃಷಭಾವತಿ ನದಿಯ ಮೂಲಕ ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಹರಿದುಬರುವ ಬೈರಮಂಗಲ ಜಲಾಶಯದಂತಹ ಕಡೆ ಲೋಹಗಳ ಪ್ರಭಾವ ಇಷ್ಟು ಎದ್ದುಕಾಣುವಂತಹುದಲ್ಲ. ಮೈಮೇಲಿನ ಹುಣ್ಣು, ಹೊಟ್ಟೆಯುಬ್ಬರ, ಏರೋಮೊನಾಸ್ ಹೈಡ್ರೊಫಿಲಾದಂತಹ ಸಮಯಸಾಧಕ ಬ್ಯಾಕ್ಟೀರಿಯಾಗಳ ಸೋಂಕು ಮರುಕಳಿಸುವುದು ಸಂಶಯಕ್ಕೆ ಎಡೆಮಾಡಬೇಕಾದ ಲಕ್ಷಣಗಳಾದರೂ, ಇವು ಲೋಹವಿಲ್ಲದ ನೀರಿನಲ್ಲಿಯೂ ಕಾಣಿಸಬಹುದು.

ಹಾಗಾಗಿ ಅಂಗಾಂಶಗಳಲ್ಲಿನ ಲೋಹದ ಪ್ರಮಾಣ, ಮೆಟಾಲೊಥಯೋನೀನ್ ಮಟ್ಟ, ಲೈಸೋಜೈಮ್ ಚಟುವಟಿಕೆ ಹಾಗೂ ಗುಲ್ಮದಲ್ಲಿನ ವರ್ಣಯುಕ್ತ ಭಕ್ಷಕ ಕೋಶಗಳ ಗುಂಪುಗಳನ್ನು ಒಟ್ಟಾಗಿ ಪರೀಕ್ಷಿಸಲಾಗುತ್ತದೆ. ವಿಷದ ಪ್ರಮಾಣವನ್ನು ಅಂದಾಜಿಸಲು ರೂಢಿಯಲ್ಲಿರುವ 96 ಗಂಟೆಗಳ ಪರೀಕ್ಷೆಯು ಸತ್ತ ಮೀನುಗಳನ್ನು ಮಾತ್ರ ಎಣಿಸುತ್ತದೆ. ಐದನೆಯ ದಿನದ ನಂತರ ಸೋಂಕಿನಿಂದ ಸಾಯುವ ಮೀನು ಅದರ ಲೆಕ್ಕಕ್ಕೆ ಬರುವುದಿಲ್ಲ.