ಮೇಖ್ರಿಯವರು ತಗ್ಗಿಸಿದ ದಿಣ್ಣೆ

ವಿದ್ಯಾರಣ್ಯಪುರದಿಂದ ಶಿವಾಜಿನಗರದ ಕಡೆ ಹೊರಟವರು ಮೇಖ್ರಿ ಸರ್ಕಲ್ ದಾಟಿ ಹೋಗುವುದು ರೂಢಿ. ದಿನವೂ ಸಾವಿರಾರು ಬಾಯಿಗಳಲ್ಲಿ ಹೊರಳುವ ಈ ಹೆಸರು ಯಾರದೆಂದು ಕೇಳಿದರೆ, ಯಾರೋ ಇಂಗ್ಲಿಷ್ ದೊರೆಯದಿರಬೇಕು ಎನ್ನುವವರೇ ಹೆಚ್ಚು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಅದು ಸ್ವಾತಂತ್ರ್ಯ ಹೋರಾಟಗಾರರೂ ಸಮಾಜಸೇವಕರೂ ಆಗಿದ್ದ ಇನಾಯತುಲ್ಲಾ ಮೇಖ್ರಿಯವರ ಹೆಸರು.

1930ರ ದಶಕದ ಮಾತು. ಹೆಬ್ಬಾಳದ ಕಡೆಯಿಂದ ಊರಿಗೆ ಬರುವ ದಾರಿಯಲ್ಲಿ ಕಡಿದಾದ ದಿಣ್ಣೆಯೊಂದಿತ್ತು. ಹೇರು ಹೊತ್ತ ಎತ್ತಿನ ಗಾಡಿಗಳು ಅಲ್ಲಿ ಏರಲಾರದೆ ಏದುಸಿರು ಬಿಡುತ್ತಿದ್ದವು, ಇಳಿಯುವಾಗ ಉರುಳುತ್ತಿದ್ದವು. ಮೇಖ್ರಿಯವರು ಸ್ವಂತ ಹಣ ಸುರಿದು ಆ ಏರನ್ನು ತಗ್ಗಿಸಿ ರಸ್ತೆ ಮಾಡಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಖರ್ಚು ಕೊಡಲು ಮುಂದಾದಾಗ ಅವರು ಒಪ್ಪಲಿಲ್ಲ, ಕೊನೆಗೆ ಹೆಸರಾದರೂ ಉಳಿಯಲಿ ಎಂದು ಸರ್ಕಲ್ಲಿಗೆ ಇಟ್ಟರು ಎಂದು ಹಳಬರು ಹೇಳುತ್ತಾರೆ. ನಮ್ಮ ಇತಿಹಾಸದ ಪುಸ್ತಕಗಳು ಕಟ್ಟಿದ ಕೋಟೆ, ಮಸೀದಿ, ಗುಡಿಗಳನ್ನು ಎಣಿಸುತ್ತವೆ. ತಗ್ಗಿಸಿದ ದಿಣ್ಣೆಗೆ ಅಲ್ಲಿ ಜಾಗವಿಲ್ಲ.

ಏರಲಾರದವರಿಗಾಗಿ ಮಾಡಿದ ಆ ರಸ್ತೆ ಆಮೇಲೆ ಬೇರೆಯದೇ ದಿಕ್ಕು ಹಿಡಿಯಿತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಬಂದವು. 1956ರಲ್ಲಿ ಸರಕಾರ ಅವನ್ನು ವಹಿಸಿಕೊಂಡಿತು. ಐವತ್ತರ ದಶಕದಲ್ಲಿ ಆಟೋ ಬಂದು ಜಟಕಾಗಳ ಅನ್ನಕ್ಕೆ ಕೈಹಾಕಿತು. ಜಟಕಾದವರಲ್ಲಿ ನಮ್ಮ ಜನ ಬಹಳ ಇದ್ದರು. ಕುದುರೆ ಮಾರಿದವರ ಮಕ್ಕಳು ಆಟೋ ಹಿಡಿದರು, ಮೊಮ್ಮಕ್ಕಳು ಈಗ ಟ್ಯಾಕ್ಸಿ ಓಡಿಸುತ್ತಿದ್ದಾರೆ. ಜಟಕಾ ಏರುವುದೇನೂ ಸುಲಭವಿರಲಿಲ್ಲ. ಆದರೆ ಗಾಡಿಯವನು ಕೆಳಗಿಳಿದು ಕೈ ಹಿಡಿದು ಹತ್ತಿಸುತ್ತಿದ್ದ, ಬೇಕೆಂದಲ್ಲಿ ಬಾಗಿಲಿಗೇ ತಂದು ಇಳಿಸುತ್ತಿದ್ದ.

2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಎದ್ದಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಬಳ್ಳಾರಿ ರಸ್ತೆಗೆ ಒಂದೇ ಚಿಂತೆ: ವಾಹನ ನಿಲ್ಲಬಾರದು. ರಸ್ತೆಯ ಆಚೆ ಬದಿಯ ಅಂಗಡಿಗೆ ಹೋಗಬೇಕಾದವನು ಮೆಟ್ಟಿಲೇರಿ, ಸೇತುವೆ ದಾಟಿ, ಮೆಟ್ಟಿಲಿಳಿಯಬೇಕು. ಮೇಖ್ರಿಯವರು ಇಳಿಸಿದ ದಿಣ್ಣೆಯನ್ನು ನಾವು ಕಬ್ಬಿಣದಲ್ಲಿ ಮತ್ತೆ ಕಟ್ಟಿದ್ದೇವೆ.

ವಿದ್ಯಾರಣ್ಯಪುರದಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಚಿಕ್ಕಂದಿನಲ್ಲೇ ಪೋಲಿಯೋ ಒಂದು ಕಾಲನ್ನು ತೆಗೆದುಕೊಂಡಿತು. ಸ್ಕೂಟರಿನ ಹಿಂದೆ ಎರಡು ಪಕ್ಕದ ಚಕ್ರ ಹಾಕಿಸಿ ಇಡೀ ಊರು ತಿರುಗಿದವರು. ಒಂದು ಭಾನುವಾರ ನಗರದ ನಡುವಿನ ರಸ್ತೆಯೊಂದಕ್ಕೆ ಬ್ಯಾರಿಕೇಡ್ ಹಾಕಿತ್ತು. ‘ಗಾಡಿ ಬಿಡಲ್ಲ ಸಾರ್, ನಡ್ಕೊಂಡು ಹೋಗಿ’ ಎಂದನಂತೆ ಕಾವಲಿನ ಹುಡುಗ. ‘ಗಾಡಿಯಲ್ಲಪ್ಪ, ಇದು ನನ್ನ ಕಾಲು’ ಎಂದರೂ ಕೇಳಲಿಲ್ಲ. ಮತ್ತೊಮ್ಮೆ ಟ್ಯಾಕ್ಸಿಯಲ್ಲಿ ಹೋದರು; ಅದನ್ನೂ ಅಲ್ಲೇ ನಿಲ್ಲಿಸಿದರು. ಗಾಲಿಕುರ್ಚಿ ತರೋಣವೆಂದರೆ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಕೂತಿತ್ತು.

ಆ ಹುಡುಗನದೇನೂ ತಪ್ಪಿಲ್ಲ. ಕಾನೂನಿಗೇ ಮೇಷ್ಟ್ರ ಸ್ಕೂಟರ್ ಬಹಳ ಕಾಲ ಕಣ್ಣಿಗೆ ಬಿದ್ದಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಅಂಗವಿಕಲರ ವಾಹನವೆಂದರೆ ಅವರಿಗೆಂದೇ ತಯಾರಾದದ್ದು, ಬರೀ ಮಾರ್ಪಡಿಸಿದ್ದಲ್ಲ ಎಂದು ಹೇಳಿತ್ತು. ಮಾರ್ಪಡಿಸಿದ ಗಾಡಿಗಳನ್ನೂ ಸೇರಿಸಿ ಆ ವ್ಯಾಖ್ಯೆ ಬದಲಾದದ್ದು 2019ರ ತಿದ್ದುಪಡಿಯಲ್ಲಿ. ಗಾಲಿಕುರ್ಚಿಯಲ್ಲೇ ಬದುಕು ಸಾಗಿಸಿದ ಅಲಿಗಢದ ಜಾವೇದ್ ಅಬಿದಿ ಮತ್ತು ಸಂಗಾತಿಗಳು 1995ರ ಡಿಸೆಂಬರಿನಲ್ಲಿ ದೆಹಲಿಯ ಬೀದಿಗಿಳಿದ ಮೇಲೆ ಸಂಸತ್ತು ಅಂಗವಿಕಲರ ಕಾಯ್ದೆಯನ್ನು ಅಂಗೀಕರಿಸಿತು. ಕೆಂಪು ದೀಪದ ಬಳಿ ಕುರುಡರಿಗಾಗಿ ಸದ್ದು, ಫುಟ್‌ಪಾತಿಗೆ ಇಳಿಜಾರು, ಎಲ್ಲವೂ ಅದರ 45ನೇ ಸೆಕ್ಷನ್ನಿನಲ್ಲಿದ್ದವು. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಮಾತೂ ಇತ್ತು. ಇಪ್ಪತ್ತು ವರ್ಷ ನಮ್ಮ ನಗರಸಭೆಗಳು ಆ ಒಂದು ಮಾತಿನ ನೆರಳಿನಲ್ಲಿ ತಂಪಾಗಿ ಕೂತವು. ಮೇಖ್ರಿಯವರಿಗೆ ಈ ಸೆಕ್ಷನ್ ಗೊತ್ತಿರಲಿಲ್ಲ. 2016ರ ಹೊಸ ಕಾಯ್ದೆಯಲ್ಲಿ ರಸ್ತೆಗಳ ಜೊತೆಗೆ ಸ್ವಂತ ಓಡಾಟದ ಸಾಧನಗಳ ಮಾತೂ ಇದೆ, ವಾಹನ ಮಾರ್ಪಾಡಿಗೆ ನೆರವಿನ ಮಾತೂ ಇದೆ.

ವಾಹನ ನಿಷೇಧವನ್ನು ನಾನು ವಿರೋಧಿಸುವವನಲ್ಲ. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ಶನಿವಾರ, ಭಾನುವಾರ ವಾಹನ ನಿಲ್ಲಿಸಿದಾಗ ಹೊಗೆಯಿಲ್ಲದ ಬೀದಿಯಲ್ಲಿ ಮಕ್ಕಳು ಓಡಿದ್ದನ್ನು ನೋಡಿ ಸಂತೋಷಪಟ್ಟಿದ್ದೇನೆ. ಆದರೆ ಬ್ರಿಗೇಡ್ ರಸ್ತೆಯ ತುದಿಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗಿನ ಆ ಕಲ್ಲುಹಾಸು ಊರುಗೋಲಿನವನಿಗೆ ಎಷ್ಟು ದೂರ ಎಂದು ನಡೆಯಬಲ್ಲವನಿಗೆ ತಿಳಿಯುವುದಿಲ್ಲ. ಕಾರಿನ ಮಾಲೀಕನಿಗೆ ಹೇಳಿದ ‘ಇಲ್ಲ’ವನ್ನೇ ಮೇಷ್ಟ್ರಿಗೂ ಹೇಳಿದರೆ ಅದು ಸಮಾನತೆಯಲ್ಲ.

ಈ ತಕರಾರು ನಮ್ಮೊಬ್ಬರದಲ್ಲ. ಲಂಡನ್ನಿನಲ್ಲಿ ಬ್ಯಾಂಕ್ ಎಂಬ ಜಂಕ್ಷನ್ ಇದೆ. ಅಪಘಾತ ತಪ್ಪಿಸಲೆಂದು 2017ರಲ್ಲಿ ವಾರದ ದಿನಗಳ ಹಗಲು ಅಲ್ಲಿ ಬಸ್ಸು, ಸೈಕಲ್ಲು ಬಿಟ್ಟು ಉಳಿದದ್ದನ್ನೆಲ್ಲ ತಡೆದರು, ಟ್ಯಾಕ್ಸಿಯನ್ನೂ. ಅಲ್ಲಿನ ಕರಿ ಟ್ಯಾಕ್ಸಿಗಳಿಗೆ ಗಾಲಿಕುರ್ಚಿ ಸಮೇತ ಹತ್ತಿಸಿಕೊಳ್ಳುವ ಹಲಗೆ ಇರಲೇಬೇಕೆಂಬ ನಿಯಮವಿದೆ. ಅದನ್ನು ತಡೆದರೆ ನಮ್ಮನ್ನೇ ತಡೆದಂತೆ ಎಂದು ಅಂಗವಿಕಲರು ಹೇಳುತ್ತಾ ಬಂದರು. ವರ್ಷಗಟ್ಟಲೆ ವಾದ ನಡೆದು 2024ರಲ್ಲಿ ಟ್ಯಾಕ್ಸಿಗಳನ್ನು ಪ್ರಯೋಗಕ್ಕೆಂದು ಒಳಬಿಡಲು ಅಲ್ಲಿನ ನಗರಾಡಳಿತ ಒಪ್ಪಿತು. ನಮ್ಮಲ್ಲಿ ಬ್ಯಾರಿಕೇಡ್ ಇಡುವ ಮುನ್ನ ಇಂಥ ವಾದಕ್ಕೆ ಯಾರನ್ನೂ ಕರೆಯುವುದಿಲ್ಲ.

ಮೊನ್ನೆ ಮೇಷ್ಟ್ರಿಗೆ ಮೇಖ್ರಿಯವರ ಕತೆ ಹೇಳಿದೆ. ‘ಸಾಬ್ರೇ, ಆ ದಿಣ್ಣೆ ಸರಿಯಾಗಿ ಎಲ್ಲಿತ್ತು?’ ಎಂದು ಕೇಳಿದರು. ತೋರಿಸಲು ಹೋದೆವು. ಸ್ಕೂಟರ್ ನಿಲ್ಲಿಸಲು ಎಲ್ಲೂ ಜಾಗ ಸಿಗಲಿಲ್ಲ. ಹಿಂದಿನವರ ಹಾರನ್ನಿಗೆ ಹೆದರಿ ಹಾಗೇ ಮುಂದೆ ಹೋದೆವು.