ಅಜ್ಜನ ದನಿ ಮತ್ತು ತಾಳಗುಂದದ ಕಂಬ

‘ನಮ್ಮೂರು ತಾಳಗುಂದದ ಹತ್ತಿರ’ ಅಂದರೆ ಆಫೀಸಿನಲ್ಲಿ ಯಾರಿಗೂ ಗೊತ್ತಾಗಲ್ಲ. ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಪಕ್ಕ ಅಂದರೂ ಅಷ್ಟೇ. ‘ಮಯೂರ’ ಸಿನಿಮಾ ಅಂದಾಗ ಮಾತ್ರ ‘ಓ, ರಾಜ್‌ಕುಮಾರ್!’ ಅಂತಾರೆ. ಆ ಮಯೂರಶರ್ಮನ ಕಥೆ ನಮಗೆ ತಿಳಿದಿರೋದೇ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿಗಿರುವ ಕಲ್ಲಿನ ಕಂಬದಿಂದ. ಓದಲು ಕಂಚಿಗೆ ಹೋದ ಹುಡುಗ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಕತ್ತಿ ಹಿಡಿದದ್ದನ್ನು, 5ನೇ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತ ಪದ್ಯದಲ್ಲಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದ.

2013ರಲ್ಲಿ ಅದೇ ದೇವಸ್ಥಾನದ ಆವರಣದಲ್ಲಿ ಉತ್ಖನನವಾಗಿ ಸಿಂಹಕಟಾಂಜನ ಶಾಸನ ಸಿಕ್ಕಿತು. ಆಮೇಲೆ ತಜ್ಞರು ಅದು ಕ್ರಿ.ಶ. 370ರ ಸುಮಾರಿನದು, ಅಂದರೆ ಹಲ್ಮಿಡಿಗಿಂತ ಹಳೆಯದು ಎಂದರು. ಪೇಪರಿನಲ್ಲಿ ಓದಿ ನನಗೂ ಹುರುಪು ಬಂತು. 2017ರ ದಸರಾ ರಜೆಯಲ್ಲಿ ಅಜ್ಜನನ್ನು ಕಂಬದ ಮುಂದೆ ನಿಲ್ಲಿಸಿ ವಿಡಿಯೊ ಮಾಡಿದೆ. ಕಂಚಿಯ ಜಗಳವನ್ನು ಅಜ್ಜ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೇ ನಡೆದಂತೆ ಹೇಳೋರು. ಗಾಳಿ ಜೋರಿತ್ತು, ಕ್ಯಾಮೆರಾದ ಮೈಕಿಗೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೇ ದನಿಯನ್ನು ಬೇರೆಯಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಾಲ್ಕು ನಿಮಿಷಕ್ಕೆ ಎಡಿಟ್ ಮಾಡಿ ಮನೆಯವರಿಗೆಲ್ಲ ಕಳಿಸಿದೆ. 2020ರಲ್ಲಿ ಅಜ್ಜ ತೀರಿಕೊಂಡರು.

ಹೋದ ವರ್ಷ ಎಡಿಟಿಂಗ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದೆ. ಹಳೆಯ ಪ್ರಾಜೆಕ್ಟನ್ನು ಹೊಸ ಆವೃತ್ತಿಗೆ ಬದಲಿಸಲೇ ಅಂತ ಕೇಳಿತು. ಓದದೆ ಸರಿ ಅಂದೆ. ತೆರೆದಾಗ ಅಜ್ಜನ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ಆಫೀಸಿನಲ್ಲಿ ಡೇಟಾಬೇಸ್ ಸಾಗಿಸುವಾಗ ಹಿಂದಕ್ಕೆ ಬರುವ ದಾರಿ ಬರೆದಿಡದೆ ನಾನು ಒಂದು ಕಮಾಂಡನ್ನೂ ಒತ್ತಲ್ಲ. ಮನೆಯಲ್ಲಿ ಮಾತ್ರ ಹೀಗೆ.

ಪ್ರಾಜೆಕ್ಟ್ ಫೈಲ್ ಅನ್ನೋದು ಅಡುಗೆ ಭಟ್ಟರು ಬರೆದುಕೊಡುವ ಸಾಮಾನಿನ ಚೀಟಿ ಇದ್ದ ಹಾಗೆ. ಏನು, ಎಷ್ಟು, ಎಲ್ಲಿಂದ ಅಂತ ಇರುತ್ತದೆ, ಸಾಮಾನು ಇರಲ್ಲ. ನಾನು ಆ ಚೀಟಿಯನ್ನು ಮೂರು ಕಡೆ ಜೋಪಾನ ಮಾಡಿದ್ದೆ. ವಿಡಿಯೊ ಹಾರ್ಡ್ ಡಿಸ್ಕಿನಲ್ಲಿತ್ತು. ದನಿ ಮಾತ್ರ ಹಳೆಯ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿದಿತ್ತು. ಆ ಲ್ಯಾಪ್‌ಟಾಪನ್ನು ಅಳಿಸಿ ಎಕ್ಸ್‌ಚೇಂಜಿಗೆ ಕೊಟ್ಟು ವರ್ಷಗಳೇ ಆಗಿದ್ದವು. ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದ ಶೀರ್ಷಿಕೆಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿದ್ದವು. ಅವನ್ನು ಯೂನಿಕೋಡಿಗೆ ಬದಲಿಸಿಕೊಂಡೆ. ಅಜ್ಜ ಇಪ್ಪತ್ತು ನಿಮಿಷ ಮಾತಾಡಿದ್ದರು. ನಾನು ಮನೆಯವರಿಗೆ ಕಳಿಸಿದ್ದ ವಿಡಿಯೊದಲ್ಲಿ ಉಳಿದದ್ದು ನಲವತ್ತು ಸೆಕೆಂಡು.

ಅವತ್ತು ಕಂಬ ಮತ್ತೆ ನೆನಪಾಯಿತು. ಕಲ್ಲಿನಲ್ಲಿ ಕೊರೆದದ್ದು ಶಾಶ್ವತ ಅಂತೀವಿ. ಅದು ಅರ್ಧ ಸತ್ಯ. ಕಲ್ಲು ಉಳಿಯಿತು, ಆದರೆ ಲಿಪಿ ಬದಲಾಗುತ್ತಾ ಹೋಗಿ, ಎದುರಿಗೇ ಇದ್ದ ಕಂಬ ಊರವರಿಗೆ ಓದಲಾಗದ್ದಾಯಿತು. ಫೈಲ್ ಇದೆ, ತೆರೆಯುವ ಸಾಫ್ಟ್‌ವೇರ್ ಇಲ್ಲ, ಅಷ್ಟೇ ವ್ಯತ್ಯಾಸ. ಬಿ.ಎಲ್. ರೈಸ್ ಅದನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಮತ್ತೆ ಸಂಪಾದಿಸಿದರು. ಒಂದೇ ಪಠ್ಯ, ಎರಡು ಕಡೆ.

ಶಾಸನದ ಪಡಿಯಚ್ಚು ತೆಗೆಯೋದು ತಾಳ್ಮೆಯ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಯೊಳಗೆ ಇಳಿಯುವ ತನಕ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಬೇಕು. ಕಪ್ಪಿನ ನಡುವೆ ಅಕ್ಷರ ಬಿಳಿಯಾಗಿ ಏಳುತ್ತದೆ. ಆ ಕಾಗದವೂ ಹಳತಾಗುತ್ತದೆ. ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ಕಚೇರಿಯೇ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು, ಕಾಗದ, ಅಚ್ಚು, ಸ್ಕ್ಯಾನ್ ಅಂತ ಪ್ರತಿ ಸಲವೂ ಯಾರೋ ಒಬ್ಬರು ಹಳೆಯದನ್ನು ಪೂರ್ತಿ ಓದಿ ನೋಡಿ ಮುಂದಿನದಕ್ಕೆ ದಾಟಿಸಿದ್ದಾರೆ. ನಾನು ಓದಿ ನೋಡಲಿಲ್ಲ.

ಇದು ನನ್ನೊಬ್ಬನ ಪಾಡಲ್ಲ. 2011ರಲ್ಲಿ ಫೈನಲ್ ಕಟ್ ಪ್ರೊ ಎಕ್ಸ್ ಬಂದಾಗ ಹಿಂದಿನ 7ನೇ ಆವೃತ್ತಿಯ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಹಳೆಯದನ್ನು ಇಟ್ಟುಕೊಂಡವರು ಬಚಾವಾದರು. ಹಾಗಾಗಿ ಈಗ ನನ್ನ ನಿಯಮ ಹೀಗಿದೆ. ಮೊದಲು ವಿಡಿಯೊ, ದನಿ, ಫಾಂಟು, ಚಿತ್ರ ಎಲ್ಲವನ್ನೂ ಒಂದೇ ಫೋಲ್ಡರಿಗೆ ತರೋದು. ಮುಗಿದ ಚಿತ್ರದ ಒಳ್ಳೆ ಗುಣಮಟ್ಟದ ಪ್ರತಿ ತೆಗೆಯೋದು. ಎಡಿಟ್ ಪಟ್ಟಿಯನ್ನು ಎಕ್ಸ್‌ಎಂಎಲ್‌ನಲ್ಲೂ ಇಡೋದು. ಎರಡು ಡಿಸ್ಕಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡೋದು. ಮೂಲ ಡಿಸ್ಕನ್ನು ಕಿತ್ತಿಟ್ಟು, ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಕೊನೇ ತನಕ ನೋಡೋದು, ಕೇಳೋದು. ಅದಾದಮೇಲೇ ಅಪ್‌ಗ್ರೇಡ್. ಅದೂ ಪ್ರಾಜೆಕ್ಟಿನ ನಕಲಿನ ಮೇಲೆ. ತೆರೆದು ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ.

ಅಜ್ಜ ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದೆ. ಅದನ್ನು ತೆರೆಯಲು ವಿಶೇಷ ಸಾಫ್ಟ್‌ವೇರ್ ಏನೂ ಬೇಡ. ಯುಗಾದಿಗೆ ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ‘ಅಪ್ಪ ಹೀಗೆ ಹೇಳ್ತಿರ್ಲಿಲ್ಲ ಕಣೋ, ಕುದುರೆ ಕಥೆ ಶುರು ಆಗೋದೇ ಬೇರೆ ತರ’ ಅಂದರು. ಫೋನು ತೆಗೆದು ರೆಕಾರ್ಡ್ ಒತ್ತಿ, ‘ಹೇಳಮ್ಮ’ ಅಂದೆ. ರಾತ್ರಿ ಮಲಗುವ ಮುಂಚೆ ಅದನ್ನು ಎರಡು ಕಡೆ ಹಾಕಿ, ಎರಡನ್ನೂ ಪೂರ್ತಿ ಕೇಳಿದೆ.