ನಂದಿಬೆಟ್ಟದ ಕೆಂಪು ವೈನ್

ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯಿಂದ ತಯಾರಾಗುವ ಮದ್ಯ. ಬೆಟ್ಟದ ನೆತ್ತಿ ಸಮುದ್ರಮಟ್ಟಕ್ಕಿಂತ 1,478 ಮೀ. ಎತ್ತರದಲ್ಲಿದೆ, ತೋಟಗಳು 900 ಮೀ. ಆಸುಪಾಸಿನಲ್ಲಿವೆ.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಬ್ಲೂ ತಳಿ ಇಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಬೆಳೆಯುತ್ತಿದೆ. ಯುರೋಪಿನ ವೈನ್ ತಳಿಗಳು ನೆಲೆಯೂರಿದ್ದು ಉದ್ಯಮಿ ಕನ್ವಲ್ ಗ್ರೋವರ್ ಅವರಿಂದ. ಫ್ರಾನ್ಸಿನ ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಮಾರ್ಗದರ್ಶನದಲ್ಲಿ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಅವರ ತೋಟ ರೂಪುಗೊಂಡಿತು. 1990ರ ದಶಕದಲ್ಲಿ ಬೋರ್ಡೊದ ಮಿಶೆಲ್ ರೋಲಾನ್ ಸಲಹೆಗಾರರಾದರು. ಕ್ಯಾಬರ್ನೆ ಸಾವಿನ್ಯೋ ಮತ್ತು ಶಿರಾಜ್ ಬೆರೆತ ‘ಲಾ ರಿಸರ್ವ್’ ಇಲ್ಲಿನ ಹೆಸರಾಂತ ಕೆಂಪು ವೈನ್. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು.

ಚಳಿನಾಡುಗಳಲ್ಲಿ ದ್ರಾಕ್ಷಿಬಳ್ಳಿ ಹಿಮಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು, ಮಳೆ ಹಿಂದೆಗೆಯುವ ಹೊತ್ತಿಗೆ ಗೊನೆ ಕಟ್ಟಲೆಂದು. ಹೀಗೆ ಹಣ್ಣು ಮಾಗುವುದು ಒಣ ಚಳಿಗಾಲದಲ್ಲಿ. ಹಗಲ ಬಿಸಿಲು ಸಕ್ಕರೆಯನ್ನು ತುಂಬುತ್ತದೆ. ಇರುಳ ತಂಪು ಹುಳಿಯನ್ನು ಉಳಿಸಿ ಸಿಪ್ಪೆಯ ಬಣ್ಣವನ್ನು ಗಾಢವಾಗಿಸುತ್ತದೆ. ಗರಸು ಬೆರೆತ ಕೆಮ್ಮಣ್ಣಿನಲ್ಲಿ ನೀರು ನಿಲ್ಲದೆ ಬಸಿದುಹೋಗುವುದರಿಂದ ಬಳ್ಳಿ ಸೊಕ್ಕಿ ಬೆಳೆಯದೆ ಹಣ್ಣಿನ ಕಡೆಗೆ ತಿರುಗುತ್ತದೆ.

ಇಟಲಿಯ ಪಿಯೆಮೊಂಟೆ ಪ್ರಾಂತದ ಬರೋಲೊ ವೈನ್ ಕೂಡ ಗುಡ್ಡದ ಫಲವೇ. ಆದರೆ ಕಾರಣ ತಿರುವುಮುರುವು. ತಡವಾಗಿ ಮಾಗುವ ನೆಬ್ಬಿಯೋಲೊ ದ್ರಾಕ್ಷಿಗೆ ಅಲ್ಲಿ ಬಿಸಿಲು ಸಾಲದು. ಅದಕ್ಕೇ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳನ್ನು ಆರಿಸಿ ನೆಡುತ್ತಾರೆ. ಆ ಬಿಸಿಲಿನಿಂದಲೇ ಅದರ ಗಟ್ಟಿ ಒಗರು ಹದಗೊಳ್ಳುತ್ತದೆ. ಬರೋಲೊದ ಬಳ್ಳಿ ಬಿಸಿಲನ್ನು ಅರಸಿ ಗುಡ್ಡ ಹತ್ತಿದರೆ, ನಂದಿಯ ಬಳ್ಳಿ ತಂಪನ್ನು ಅರಸಿ ಹತ್ತಿದೆ.

ಇಳಿಜಾರೊಂದೇ ಸಾಲದೆಂಬುದಕ್ಕೆ ಕಾರವಾರ ತಾಲ್ಲೂಕಿನ ಕೈಗಾ ಸಾಕ್ಷಿ. ಸಹ್ಯಾದ್ರಿಯ ಮಗ್ಗುಲಲ್ಲಿ, ಕಾಳಿ ನದಿಯ ದಂಡೆಯಲ್ಲಿರುವ ಆ ಊರಿಗೆ ಗುಡ್ಡಗಳ ಕೊರತೆಯಿಲ್ಲ. ಆದರೆ ಅಲ್ಲಿ ಸುರಿಯುವ ಮಳೆ ನಂದಿಯ ತಪ್ಪಲಿನ ಮಳೆಯ ಮೂರುನಾಲ್ಕು ಪಟ್ಟು. ಆ ತೇವದಲ್ಲಿ ದ್ರಾಕ್ಷಿಯೆಲೆಗೆ ಬೂಜು ಹಿಡಿಯುತ್ತದೆ. ಕಡಲ ಸೆಕೆಯಲ್ಲಿ ಇರುಳೂ ಬಳ್ಳಿಗೆ ಬೇಕಾದಷ್ಟು ತಣಿಯುವುದಿಲ್ಲ. ಅದೇ ತೇವ, ಅದೇ ಸೆಕೆ ಅಡಕೆಗೂ ಅದರ ಮೈಗೆ ಹಬ್ಬುವ ಕಾಳುಮೆಣಸಿಗೂ ಒಗ್ಗಿವೆ.